‘ಸ್ಪೈನಲ್ ಟ್ಯಾಪ್’ ನೋಡಿ ಅಪ್ಪ ಏಕೆ ನಗಲಿಲ್ಲ?

ಪ್ರಶ್ನೆ: ಕಳೆದ ತಿಂಗಳು ನಮ್ಮ ಮನೆಯಲ್ಲಿ ಎಲ್ಲರೂ ಕೂತು ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಹಳೆಯ ಇಂಗ್ಲಿಷ್ ಚಿತ್ರ ನೋಡಿದೆವು. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ರಾಕ್ ಸಂಗೀತದ ಹುಚ್ಚು. ಚಿತ್ರ ಹಾಕಿದವನೂ ಅವನೇ, ಮೊದಲಿನಿಂದ ಕೊನೆಯವರೆಗೆ ಬಿದ್ದು ಬಿದ್ದು ನಕ್ಕವನೂ ಅವನೇ. ನನಗೆ ಮುಕ್ಕಾಲು ಚಿತ್ರ ಮುಗಿಯುವವರೆಗೂ ಅದು ನಿಜವಾದ ತಂಡವೊಂದರ ಸಾಕ್ಷ್ಯಚಿತ್ರ ಎಂದೇ ಅನ್ನಿಸಿತ್ತು. ಅಲ್ಲವೆಂದು ತಿಳಿದಾಗ ಸ್ವಲ್ಪ ಅವಮಾನವಾಯಿತು. ನಮ್ಮ ತಂದೆಯವರು ದಾವಣಗೆರೆ ಕಡೆಯ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತೆಂಟು ವರ್ಷ ಕೀಬೋರ್ಡ್ ನುಡಿಸಿದವರು. ಅವರು ಒಂದು ಸಲವೂ ನಗಲಿಲ್ಲ. ಚಿತ್ರ ಮುಗಿದ ಮೇಲೆ, “ಇದರಲ್ಲಿ ನಗೋದೇನಿದೆ? ನಮಗೂ ಹೀಗೇ ಆಗ್ತಿತ್ತಲ್ಲ” ಎಂದಷ್ಟೇ ಹೇಳಿ ಎದ್ದು ಹೋದರು. ಒಂದೇ ಚಿತ್ರಕ್ಕೆ ಮೂವರದು ಮೂರು ಬಗೆಯ ಪ್ರತಿಕ್ರಿಯೆ ಏಕೆ? ಇವರಲ್ಲಿ ಸರಿಯಾಗಿ ನೋಡಿದವರು ಯಾರು? ತಂದೆಯವರ ಹಳೆಯ ತಂಡದ ಮೂರ್ನಾಲ್ಕು ಮಂದಿ ದೀಪಾವಳಿಗೆ ನಮ್ಮ ಮನೆಗೆ ಬರುವವರಿದ್ದಾರೆ. ಅವರ ಮುಂದೆ ಈ ಚಿತ್ರ ಹಾಕಿದರೆ ಅವರಿಗೆ ನೋವಾದೀತೇ?

ಉತ್ತರ: ನಿಮ್ಮ ಮನೆಯ ಹಜಾರದಲ್ಲಿ ಆ ಸಂಜೆ ಕಂಡ ಮೂರೂ ಪ್ರತಿಕ್ರಿಯೆಗಳು ಈ ಚಿತ್ರಕ್ಕೆ 1984ರಿಂದಲೂ ಬರುತ್ತಿರುವ ಪ್ರತಿಕ್ರಿಯೆಗಳೇ. ನಕ್ಕವರು, ನಂಬಿದವರು, ನೊಂದವರು ಅಂದಿನ ಅಮೆರಿಕದ ಚಿತ್ರಮಂದಿರಗಳಲ್ಲಿಯೂ ಹೀಗೆಯೇ ಅಕ್ಕಪಕ್ಕದಲ್ಲಿ ಕುಳಿತಿದ್ದರು. ಆದ್ದರಿಂದ ನೀವು ಅವಮಾನ ಪಟ್ಟುಕೊಳ್ಳುವ ಕಾರಣವಿಲ್ಲ. ತಂದೆಯವರು ಚಿತ್ರ ಅರ್ಥವಾಗದೆ ಎದ್ದು ಹೋದರೆಂದು ಮನೆಯಲ್ಲಿ ಯಾರಾದರೂ ಭಾವಿಸಿದ್ದರೆ ಆ ಅಭಿಪ್ರಾಯವನ್ನು ದಯವಿಟ್ಟು ಬಿಟ್ಟುಬಿಡಿ. ನನ್ನ ತಿಳಿವಳಿಕೆಯಲ್ಲಿ, ಆ ಚಿತ್ರವನ್ನು ಮೂವರಲ್ಲಿ ಅತ್ಯಂತ ಹತ್ತಿರದಿಂದ ಕಂಡವರು ಅವರೇ.

ಮೊದಲು ಚಿತ್ರದ ಬಗ್ಗೆ ನಾಲ್ಕು ಮಾತು. ಅದು 1984ರ ಮಾರ್ಚ್ 2ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ರಾಬ್ ರೈನರ್. ಚಿತ್ರದೊಳಗೆ ಮಾರ್ಟಿ ಡಿಬರ್ಗಿ ಎಂಬ ಸಾಕ್ಷ್ಯಚಿತ್ರಕಾರನ ಪಾತ್ರವೂ ಅವರದೇ. ಸ್ಪೈನಲ್ ಟ್ಯಾಪ್ ಎಂಬ ಇಂಗ್ಲೆಂಡಿನ ಹಳೆಯ ರಾಕ್ ತಂಡವೊಂದು ಅಮೆರಿಕದಲ್ಲಿ ಪ್ರವಾಸ ಕೈಗೊಂಡಿದೆ, ಅದರ ಬೆನ್ನ ಹಿಂದೆಯೇ ಕ್ಯಾಮೆರಾ ಹೊರಟಿದೆ, ಊರಿಂದೂರಿಗೆ ಪ್ರೇಕ್ಷಕರು ಕರಗುತ್ತಿದ್ದಾರೆ, ಗೊತ್ತಾದ ಕಾರ್ಯಕ್ರಮಗಳು ರದ್ದಾಗುತ್ತಿವೆ ಎಂಬುದು ಕಥೆಯ ಎಳೆ. ತಂಡದ ಮೂವರು ಮುಖ್ಯರಾದ ನೈಜಲ್, ಡೇವಿಡ್ ಮತ್ತು ಡೆರೆಕ್ ಪಾತ್ರಗಳಲ್ಲಿ ಕ್ರಮವಾಗಿ ಕ್ರಿಸ್ಟೋಫರ್ ಗೆಸ್ಟ್, ಮೈಕಲ್ ಮೆಕೀನ್ ಮತ್ತು ಹ್ಯಾರಿ ಶೀರರ್ ನಟಿಸಿದರು. ಸಂಭಾಷಣೆಯ ಬಹುಪಾಲನ್ನು ಬರೆದಿರಲಿಲ್ಲ. ಸಂದರ್ಭವನ್ನು ಮಾತ್ರ ಗೊತ್ತುಪಡಿಸಿಕೊಂಡು ನಟರು ಕ್ಯಾಮೆರಾದ ಮುಂದೆಯೇ ಮಾತು ಹುಟ್ಟಿಸುತ್ತ ಹೋದರು. ಹೀಗೆ ಚಿತ್ರಿಸಿದ ಹತ್ತಾರು ಗಂಟೆಗಳ ದೃಶ್ಯಗಳಿಂದ ಎಂಬತ್ತೆರಡು ನಿಮಿಷಗಳ ಚಿತ್ರವನ್ನು ಸಂಕಲನದ ಮೇಜಿನ ಮೇಲೆ ಬಿಡಿಸಿ ತೆಗೆಯಲಾಯಿತು. ಹಾಡುಗಳನ್ನು ರೈನರ್ ಮತ್ತು ಈ ಮೂವರು ನಟರು ಸೇರಿ ಕಟ್ಟಿದರು, ನಟರೇ ನುಡಿಸಿ ಹಾಡಿದರು. ಈ ಕೊನೆಯ ಸಂಗತಿಯನ್ನು ನೆನಪಿನಲ್ಲಿಡಿ. ನಿಮ್ಮ ತಂದೆಯವರ ವಿಷಯಕ್ಕೆ ಬರುವಾಗ ಅದು ಬೇಕಾಗುತ್ತದೆ.

ನೀವು ಏಕೆ ನಂಬಿದಿರಿ ಎಂಬುದನ್ನು ಮೊದಲು ನೋಡೋಣ. ಸಂಗೀತಗಾರರ ಬೆನ್ನು ಹತ್ತಿ ಹೋಗುವ ಸಾಕ್ಷ್ಯಚಿತ್ರಗಳು ಅಮೆರಿಕದಲ್ಲಿ 1960ರ ದಶಕದಿಂದ ಒಂದು ಪರಂಪರೆಯಾಗಿ ಬೆಳೆದಿದ್ದವು. 1967ರಲ್ಲಿ ಬಂದ ಬಾಬ್ ಡಿಲನ್ ಕುರಿತ ಚಿತ್ರ, 1970ರಲ್ಲಿ ಬಂದ ರೋಲಿಂಗ್ ಸ್ಟೋನ್ಸ್ ಕುರಿತ ಚಿತ್ರ, 1978ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ‘ದಿ ಬ್ಯಾಂಡ್’ ತಂಡದ ವಿದಾಯದ ಕಾರ್ಯಕ್ರಮದ ಮೇಲೆ ಮಾಡಿದ ಚಿತ್ರ, ಇವೆಲ್ಲ ಸೇರಿ ಪ್ರೇಕ್ಷಕರಿಗೆ ಒಂದು ನೋಟವನ್ನು ರೂಢಿ ಮಾಡಿಸಿದ್ದವು. ಕೈಯಲ್ಲಿ ಹಿಡಿದ ಕ್ಯಾಮೆರಾ ಸ್ವಲ್ಪ ಅಲುಗುತ್ತದೆ, ಮಾತಾಡುತ್ತಿರುವವರ ಮುಖವನ್ನು ಅರ್ಧ ಕ್ಷಣ ತಡವಾಗಿ ಹುಡುಕಿ ಹಿಡಿಯುತ್ತದೆ, ಗ್ರೀನ್ ರೂಮಿನ ಮಂದ ಬೆಳಕನ್ನು ಸರಿಪಡಿಸಲು ಹೋಗುವುದಿಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿದ್ದರೂ ಹಾಗೆಯೇ ಬಿಡುತ್ತದೆ. ಇಂಥ ಚಿತ್ರಿಕೆ ಕಂಡ ಕೂಡಲೇ, ಇದು ನಡೆದದ್ದು, ಕ್ಯಾಮೆರಾ ಅಲ್ಲಿ ಇದ್ದಿತು ಅಷ್ಟೇ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ. ರೈನರ್ ಈ ನೋಟವನ್ನು ಹೊರಗಿನಿಂದ ನಕಲು ಮಾಡಲಿಲ್ಲ. ರೋಲಿಂಗ್ ಸ್ಟೋನ್ಸ್ ಚಿತ್ರದ ಛಾಯಾಗ್ರಾಹಕರ ತಂಡದಲ್ಲಿ ದುಡಿದಿದ್ದ ಪೀಟರ್ ಸ್ಮೋಕ್ಲರ್ ಅವರನ್ನೇ ಕರೆತಂದು ಕ್ಯಾಮೆರಾ ಅವರ ಕೈಗೆ ಕೊಟ್ಟರು. ನಿಜ ಸಾಕ್ಷ್ಯಚಿತ್ರ ಮಾಡಿದ ಕೈಯೇ ಇದನ್ನೂ ಮಾಡಿದೆ. ಕಣ್ಣು ನಂಬಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಡಲ್ಲಾಸ್ ನಗರದಲ್ಲಿ ನಡೆದ ಮೊದಮೊದಲ ಪ್ರದರ್ಶನವೊಂದರ ಪ್ರಸಂಗವನ್ನು ರೈನರ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಚಿತ್ರ ಮುಗಿದ ಮೇಲೆ ಕೆಲವರು ಬಂದು, ಯಾರೂ ಹೆಸರು ಕೇಳಿರದ, ಅದೂ ಇಷ್ಟು ಕೆಟ್ಟದಾಗಿ ನುಡಿಸುವ ತಂಡದ ಮೇಲೆ ಏಕೆ ಚಿತ್ರ ಮಾಡಿದಿರಿ, ಬೀಟಲ್ಸ್ ಬಗ್ಗೆಯೋ ರೋಲಿಂಗ್ ಸ್ಟೋನ್ಸ್ ಬಗ್ಗೆಯೋ ಮಾಡಬಹುದಿತ್ತಲ್ಲ ಎಂದು ಕೇಳಿದರಂತೆ. ರೈನರ್ ಮತ್ತು ಮೆಕೀನ್ ಇಬ್ಬರೂ ಆಗ ಅಮೆರಿಕದ ಟೀವಿ ಧಾರಾವಾಹಿಗಳಿಂದ ಮನೆಮಾತಾಗಿದ್ದವರು. ತಮ್ಮ ಮನೆಯ ಟೀವಿಯಲ್ಲಿ ವಾರವಾರ ಕಂಡಿದ್ದ ಮುಖಗಳೇ ತೆರೆಯ ಮೇಲಿದ್ದರೂ, ಉದ್ದ ಕೂದಲು, ಬ್ರಿಟಿಷ್ ಉಚ್ಚಾರಣೆ ಮತ್ತು ಅಲುಗುವ ಕ್ಯಾಮೆರಾ ಸೇರಿ ಆ ಪ್ರೇಕ್ಷಕರನ್ನು ನಂಬಿಸಿಬಿಟ್ಟವು. ಹಾಗಿರುವಾಗ, ಆ ನಟರ ಪರಿಚಯವೇ ಇಲ್ಲದ ನೀವು ನಂಬಿದ್ದು ತೀರ ಸಹಜ. ಬ್ಲ್ಯಾಕ್ ಸಬ್ಬತ್ ತಂಡದ ಗಾಯಕರಾಗಿದ್ದ ಓಝಿ ಆಸ್ಬರ್ನ್ ಕೂಡ ಮೊದಲು ನೋಡಿದಾಗ ಇದು ನಿಜವಾದ ಸಾಕ್ಷ್ಯಚಿತ್ರ ಎಂದುಕೊಂಡಿದ್ದರು. ಜೀವಮಾನವನ್ನೆಲ್ಲ ಅಂಥ ಪ್ರವಾಸಗಳಲ್ಲೇ ಕಳೆದ ಮನುಷ್ಯನಿಗೆ, ಇದು ಹೀಗೆ ನಡೆಯಲು ಸಾಧ್ಯವಿಲ್ಲ ಎನ್ನಿಸುವಂಥದ್ದೇನೂ ಅದರಲ್ಲಿ ಕಾಣಲಿಲ್ಲ.

ಹಾಗೆಂದು ಚಿತ್ರ ನಿಮಗೆ ಮೋಸ ಮಾಡಿತು ಎಂದೂ ನಾನು ಹೇಳಲಾರೆ. ಇದು ಕಟ್ಟಿದ ಕಥೆ ಎಂಬ ಸುಳಿವನ್ನು ಅದು ದಾರಿಯುದ್ದಕ್ಕೂ ಬಿಡುತ್ತ ಹೋಗುತ್ತದೆ. ತಂಡದ ಡ್ರಮ್ ವಾದಕರು ಒಬ್ಬರ ನಂತರ ಒಬ್ಬರು ಸಾಯುತ್ತಾರೆ: ಒಬ್ಬ ತೋಟಗಾರಿಕೆ ಮಾಡುವಾಗ ನಡೆದ ವಿಚಿತ್ರ ಅಪಘಾತದಲ್ಲಿ, ಇನ್ನೊಬ್ಬ ವೇದಿಕೆಯ ಮೇಲೆಯೇ ತಾನಾಗಿ ಹೊತ್ತಿಕೊಂಡು. ಇವನ್ನು ಹೇಳುವವರ ಮುಖದಲ್ಲಿ ನಗುವಿನ ಛಾಯೆಯೂ ಇರುವುದಿಲ್ಲವಾದ್ದರಿಂದ ಸುಳಿವು ಸಿಕ್ಕವರಿಗೆ ಸಿಗುತ್ತದೆ, ಸಿಗದವರಿಗೆ ಚಿತ್ರ ಮುಂದಕ್ಕೆ ಸರಿಯುತ್ತದೆ. ನಿಮಗೆ ಮುಕ್ಕಾಲು ಭಾಗದಲ್ಲಿ ಸಿಕ್ಕಿತು. ಇನ್ನೊಮ್ಮೆ ನೋಡಿದಾಗ ಮೊದಲ ಹತ್ತು ನಿಮಿಷಗಳಲ್ಲೇ ಎಷ್ಟು ಸುಳಿವುಗಳಿದ್ದವು ಎಂಬುದು ಕಂಡು ಸಂತೋಷಪಡುತ್ತೀರಿ. ಆ ಸಂತೋಷ, ಮೊದಲೇ ಎಲ್ಲ ತಿಳಿದು ನೋಡಿದ ನಿಮ್ಮ ತಮ್ಮನಿಗೆ ಸಿಕ್ಕಿರಲಾರದು.

ಈಗ ತಮ್ಮನ ನಗುವಿಗೆ ಬರುತ್ತೇನೆ. ಆ ನಗುವಿನ ಹಿಂದೆ ಒಂದು ಕಲಿಕೆ ಇದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡಗಳು ನುಡಿಸಿದಾಗ ಜನಸಾಗರದ ನಡುವೆ ನಿಂತು ಕೇಳಿದ ಒಂದು ತಲೆಮಾರೇ ಇದೆ. ಐರನ್ ಮೇಡನ್ ಕಾರ್ಯಕ್ರಮಗಳಲ್ಲಿ ‘ಎಡ್ಡಿ’ ಎಂಬ ಆಳೆತ್ತರವನ್ನೂ ಮೀರಿದ ಭೀಕರ ಬೊಂಬೆ ವೇದಿಕೆಗೆ ಬರುವುದು ವಾಡಿಕೆ. ಹೊಗೆ, ಬೆಳಕು, ದೈತ್ಯಾಕಾರಗಳು, ಕಿವಿ ತುಂಬುವ ಸದ್ದು, ಇವೆಲ್ಲ ಆ ಸಂಗೀತದ ವೈಭವದ ಭಾಗಗಳು. ಅವನ್ನು ಮನಸಾರೆ ಪ್ರೀತಿಸಿದವರಿಗೆ ಮಾತ್ರ ಸ್ಪೈನಲ್ ಟ್ಯಾಪ್ ತಂಡ ಎಲ್ಲಿ ಎಡವುತ್ತಿದೆ ಎಂಬುದು ತಟ್ಟನೆ ಗೊತ್ತಾಗುತ್ತದೆ.

ಹನ್ನೊಂದರ ದೃಶ್ಯವನ್ನೇ ತೆಗೆದುಕೊಳ್ಳಿ. ನೈಜಲ್ ತನ್ನ ಗಿಟಾರುಗಳನ್ನೆಲ್ಲ ಡಿಬರ್ಗಿಗೆ ತೋರಿಸುತ್ತ ಕೊನೆಗೆ ಒಂದು ಆಂಪ್ಲಿಫೈಯರಿನ ಮುಂದೆ ನಿಲ್ಲಿಸುತ್ತಾನೆ. ಎಲ್ಲ ಆಂಪ್ಲಿಫೈಯರುಗಳ ಗುಂಡಿಗಳೂ ಹತ್ತಕ್ಕೆ ನಿಲ್ಲುತ್ತವೆ. ಇದರ ಗುಂಡಿಗಳು ಹನ್ನೊಂದರವರೆಗೆ ಹೋಗುತ್ತವೆ, ಆದ್ದರಿಂದ ಇದರ ಸದ್ದು ಒಂದು ಮೆಟ್ಟಿಲು ಹೆಚ್ಚು ಎನ್ನುತ್ತಾನೆ. ಹತ್ತನ್ನೇ ಇನ್ನಷ್ಟು ಜೋರು ಮಾಡಿ, ಹತ್ತನ್ನೇ ಕೊನೆಯ ಅಂಕಿಯಾಗಿ ಇಟ್ಟುಕೊಳ್ಳಬಹುದಲ್ಲ ಎಂದು ಡಿಬರ್ಗಿ ಕೇಳುತ್ತಾನೆ. ಆಗ ನೈಜಲ್ ಬಾಯಿಯಲ್ಲಿದ್ದುದನ್ನು ಜಗಿಯುತ್ತ ಸುಮ್ಮನೆ ನಿಲ್ಲುತ್ತಾನೆ. ಪ್ರಶ್ನೆ ಒಳಗೆ ಇಳಿಯುವುದು, ಅಲ್ಲಿ ಹಿಡಿಯಲು ಏನೂ ಸಿಗದೆ ಹೊರಬರುವುದು, ಎರಡೂ ಆ ಮುಖದ ಮೇಲೆ ಕಾಣುತ್ತವೆ. ಆಮೇಲೆ, ಇವು ಹನ್ನೊಂದಕ್ಕೆ ಹೋಗುತ್ತವೆ ಎಂದು ಮೊದಲಿನ ಮಾತನ್ನೇ ತಾಳ್ಮೆಯಿಂದ ಮತ್ತೆ ಹೇಳುತ್ತಾನೆ. ತುಂಬಿದ ಸಭಾಂಗಣದಲ್ಲಿ ಈ ಚಿತ್ರ ನೋಡುವಾಗ ನಗು ಏಳುವುದು ಮಾತಿನ ಮೇಲಲ್ಲ, ಆ ಮೌನದ ಮೇಲೆ; ಕೊನೆಯ ಮಾತು ಆ ನಗುವಿನಲ್ಲಿ ಅರ್ಧ ಮುಚ್ಚಿಹೋಗುತ್ತದೆ. ‘ಹನ್ನೊಂದಕ್ಕೆ ಏರಿಸು’ ಎಂಬುದು ಮುಂದೆ ಇಂಗ್ಲಿಷಿನ ನುಡಿಗಟ್ಟೇ ಆಯಿತು, 2002ರಲ್ಲಿ ಆಕ್ಸ್‌ಫರ್ಡಿನ ನಿಘಂಟೊಂದರೊಳಕ್ಕೂ ಬಂದಿತು. ಅಂತರ್ಜಾಲದಲ್ಲಿ ಕಾರ್ಯಕ್ರಮ ನೋಡುವ ಬಿಬಿಸಿಯ ಐಪ್ಲೇಯರಿನ ಧ್ವನಿಯ ಅಳತೆಯನ್ನು ಹನ್ನೊಂದರವರೆಗೆ ಇಟ್ಟದ್ದು ಈ ದೃಶ್ಯದ ನೆನಪಿಗಾಗಿಯೇ.

ಇಷ್ಟಾದರೂ, ಸಂಗೀತಗಾರರ ಪ್ರತಿಕ್ರಿಯೆ ಬೇರೆಯೇ ಇತ್ತು. ಯೂಟೂ ತಂಡದ ಗಿಟಾರ್ ವಾದಕ ‘ದಿ ಎಡ್ಜ್’ ತಾವು ಭಾಗವಹಿಸಿದ ಒಂದು ಸಾಕ್ಷ್ಯಚಿತ್ರದಲ್ಲಿ, ಈ ಚಿತ್ರ ನೋಡಿ ನಗಲಿಲ್ಲ, ಅತ್ತೆ, ಅಷ್ಟರಮಟ್ಟಿಗೆ ಅದು ಸತ್ಯಕ್ಕೆ ಹತ್ತಿರವಾಗಿತ್ತು ಎಂಬ ಅರ್ಥದ ಮಾತು ಹೇಳಿದ್ದಾರೆ. ಇಂಗ್ಲೆಂಡಿನ ರಾಕ್ ಗಾಯಕ ಸ್ಟಿಂಗ್ ಹಲವಾರು ಸಲ ನೋಡಿ, ನಗಬೇಕೋ ಅಳಬೇಕೋ ತಿಳಿಯುವುದಿಲ್ಲ ಎಂದಿದ್ದನ್ನು ರೈನರ್ ನೆನೆಸಿಕೊಂಡಿದ್ದಾರೆ. ಚಿತ್ರೀಕರಣದ ಸಮಯದಲ್ಲಿ ಸ್ಮೋಕ್ಲರ್, ಇದರಲ್ಲಿ ತಮಾಷೆ ಎಲ್ಲಿದೆ, ಇವರೆಲ್ಲ ನಿಜವಾಗಿ ಹೀಗೆಯೇ ಇರುತ್ತಾರಲ್ಲ ಎಂದು ಕೇಳುತ್ತಿದ್ದರಂತೆ. ಈಗ ನಿಮ್ಮ ತಂದೆಯವರ ಮಾತನ್ನು ಇನ್ನೊಮ್ಮೆ ಓದಿ: “ಇದರಲ್ಲಿ ನಗೋದೇನಿದೆ? ನಮಗೂ ಹೀಗೇ ಆಗ್ತಿತ್ತಲ್ಲ.” ಪ್ರಪಂಚದ ಬಹು ದೊಡ್ಡ ವೇದಿಕೆಗಳನ್ನು ಏರಿದ ವಾದಕರು, ಆ ವೇದಿಕೆಗಳನ್ನು ಕ್ಯಾಮೆರಾದಲ್ಲಿ ಹಿಡಿದ ಛಾಯಾಗ್ರಾಹಕರು ಆಡಿದ ಮಾತನ್ನೇ, ಅವರ ಹೆಸರುಗಳನ್ನೂ ಕೇಳಿರದ ನಿಮ್ಮ ತಂದೆಯವರು ತಮ್ಮ ಅನುಭವದಿಂದಲೇ ಆಡಿದ್ದಾರೆ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ ಸಾಲು ಇದು.

ಅವರಿಗೆ ಕಂಡದ್ದು ಏನಿರಬಹುದು? ನಮ್ಮ ಕಡೆ ಗಣೇಶೋತ್ಸವಕ್ಕೆ, ಜಾತ್ರೆಗೆ, ರಾಜ್ಯೋತ್ಸವಕ್ಕೆ ರಸಮಂಜರಿ ಕಾರ್ಯಕ್ರಮ ಕೊಡುವ ತಂಡದ ದಿನ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ಬಲ್ಲವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ಸಂಜೆ ಆರಕ್ಕೆ ಎಂದಿದ್ದ ಕಾರ್ಯಕ್ರಮ ಭಾಷಣಗಳೂ ಸನ್ಮಾನಗಳೂ ಮುಗಿದು ಹತ್ತಕ್ಕೆ ಶುರುವಾಗುತ್ತದೆ. ಒಂದೇ ಫೇಸಿನ ಕರೆಂಟಿನಲ್ಲಿ ಸೀರಿಯಲ್ ದೀಪಗಳೂ ಸೌಂಡ್ ಸಿಸ್ಟಮ್ಮೂ ನಡೆಯಬೇಕಾಗಿ ಬಂದು, ಹಾಡಿನ ನಡುವೆ ಕೀಬೋರ್ಡ್ ಆರಿಹೋಗುತ್ತದೆ. ಹಾಡುವವರ ಕಡೆಗೆ ತಿರುಗಿಸಿಟ್ಟ ಸ್ಪೀಕರ್, ಅಂದರೆ ಮಾನಿಟರ್, ಕೇಳಿಸದೆ ಗಾಯಕ ಶ್ರುತಿ ಬಿಟ್ಟರೆ ಜನ ಬೈಯುವುದು ಗಾಯಕನನ್ನೇ ಹೊರತು ಸೌಂಡಿನವರನ್ನಲ್ಲ. ಈ ಕಣ್ಣಿನಿಂದ ಚಿತ್ರವನ್ನು ನೋಡಿದರೆ ಏನೇನು ಕಾಣುತ್ತದೆ ನೋಡಿ. ವಾಯುನೆಲೆಯೊಂದರ ಸಮಾರಂಭದಲ್ಲಿ ನುಡಿಸುವಾಗ ನೈಜಲ್‌ನ ಗಿಟಾರಿನ ವೈರ್‌ಲೆಸ್ ಉಪಕರಣ ವಾಯುನೆಲೆಯ ರೇಡಿಯೊ ಸಂಭಾಷಣೆಯನ್ನು ಹಿಡಿದು ಸ್ಪೀಕರಿನಲ್ಲಿ ಬಿತ್ತರಿಸುತ್ತದೆ; ಅವನು ಗಿಟಾರು ಬಿಸುಟು ವೇದಿಕೆಯಿಂದ ಇಳಿದು ಹೋಗುತ್ತಾನೆ, ಎಳೆಯ ವಯಸ್ಸಿನಿಂದ ಜೊತೆಗಿದ್ದ ತಂಡವನ್ನೇ ಬಿಟ್ಟು ಹೋಗುತ್ತಾನೆ. ನಿಮ್ಮ ತಮ್ಮನಿಗೆ ಇದು ನಗೆಯ ಪ್ರಸಂಗ. ಇಪ್ಪತ್ತೆಂಟು ವರ್ಷ ಇಂಥ ಉಪಕರಣಗಳನ್ನು ನಂಬಿ ಮರ್ಯಾದೆ ಉಳಿಸಿಕೊಳ್ಳಬೇಕಾಗಿ ಬಂದವರಿಗೆ ಅದು ಎದೆ ಧಸಕ್ಕೆನ್ನುವ ಗಳಿಗೆ. ಮನರಂಜನಾ ಉದ್ಯಾನವೊಂದರ ಫಲಕದಲ್ಲಿ ಬೊಂಬೆಯಾಟದ ಹೆಸರು ಮೇಲೆ, ಸ್ಪೈನಲ್ ಟ್ಯಾಪ್ ಹೆಸರು ಕೆಳಗೆ ಇರುತ್ತದೆ. ಬ್ಯಾನರಿನಲ್ಲಿ ತಂಡದ ಹೆಸರು ಯಾವ ಸಾಲಿನಲ್ಲಿ, ಎಷ್ಟು ಸಣ್ಣ ಅಕ್ಷರದಲ್ಲಿ ಬಂದಿದೆ ಎಂಬುದನ್ನು ವ್ಯಾನಿನಿಂದ ಇಳಿಯುತ್ತಲೇ ನೋಡುವವನಿಗೆ ಮಾತ್ರ ಅದರ ಉರಿ ಗೊತ್ತು.

ಕಲ್ಲಿನ ಕಂಬಗಳ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುಗಳ ವೃತ್ತದ ಮೇಲೆ ತಂಡದ ಹಾಡೊಂದಿದೆ. ಆ ಹಾಡಿಗೆ ವೇದಿಕೆಯ ಮೇಲೆ ಹದಿನೆಂಟು ಅಡಿ ಎತ್ತರದ ಕಲ್ಲುಗಳ ಪ್ರತಿಕೃತಿ ಇಳಿಯಬೇಕೆಂದು ನೈಜಲ್ ಬಯಸುತ್ತಾನೆ, ಕೈಗೆ ಸಿಕ್ಕ ಕಾಗದದ ಕರವಸ್ತ್ರದ ಮೇಲೆ ಅದರ ಚಿತ್ರ ಬರೆದುಕೊಡುತ್ತಾನೆ. ಆದರೆ ಅಂಕಿಯ ಪಕ್ಕದಲ್ಲಿ ಅಡಿಯ ಒಂದು ಗೀಟಿನ ಬದಲು ಅಂಗುಲದ ಎರಡು ಗೀಟು ಹಾಕಿಬಿಡುತ್ತಾನೆ. ಕುಶಲಕರ್ಮಿ ಕೊಟ್ಟ ಅಳತೆಯಂತೆಯೇ ಹದಿನೆಂಟು ಅಂಗುಲದ ಕಲ್ಲುಗಳನ್ನು ಬಹಳ ಶ್ರದ್ಧೆಯಿಂದ ಮಾಡಿಕೊಡುತ್ತಾಳೆ. ರಾತ್ರಿ ಹಾಡು ಉತ್ತುಂಗಕ್ಕೇರಿ, ಹೊಗೆ ಕವಿದು, ಗಂಭೀರ ಸ್ವರದಲ್ಲಿ ಪ್ರಾಚೀನರ ಸ್ತುತಿ ನಡೆಯುತ್ತಿರುವಾಗ ಮೇಲಿನಿಂದ ಮಂಡಿಯೆತ್ತರದ ಪ್ರತಿಕೃತಿ ಮೆಲ್ಲನೆ ಇಳಿದು ಬರುತ್ತದೆ. ಡೇವಿಡ್ ಅದನ್ನು ನೋಡುವ ನೋಟವಿದೆಯಲ್ಲ, ಕಾರ್ಯಕ್ರಮ ಮಾಡುವವರೆಲ್ಲರ ಕೆಟ್ಟ ಕನಸು ಅದು: ಜನರ ಮುಂದೆ ನಿಂತಿದ್ದೇವೆ, ನಿಲ್ಲಿಸುವಂತಿಲ್ಲ, ಹಾಡು ಮುಂದುವರಿಯಲೇಬೇಕು. 1983ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡ ನಿಜವಾಗಿಯೂ ಸ್ಟೋನ್‌ಹೆಂಜ್ ಪ್ರತಿಕೃತಿ ಮಾಡಿಸಿಕೊಂಡು ಪ್ರವಾಸ ಹೊರಟಾಗ, ಅದು ಬೇಕಾದುದಕ್ಕಿಂತ ಬಹಳ ದೊಡ್ಡದಾಗಿ, ಎಷ್ಟೋ ವೇದಿಕೆಗಳಲ್ಲಿ ಹಿಡಿಸದೇ ಹೋಯಿತು. ಕಥೆಯಲ್ಲಿ ಚಿಕ್ಕದು, ನಿಜದಲ್ಲಿ ದೊಡ್ಡದು; ಅಳತೆ ತಪ್ಪುವುದಂತೂ ಎರಡೂ ಕಡೆ ಒಂದೇ.

ಹೊರಗಿನವರಿಗೆ ಹುಚ್ಚಾಟವಾಗಿ ಕಾಣುವುದರ ಒಳಗೆ ಕಸುಬಿನ ಕಾರಣ ಇರುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಗ್ರೀನ್ ರೂಮಿನಲ್ಲಿ ಇಟ್ಟ ಬ್ರೆಡ್ಡು ಚಿಕ್ಕದು, ಮಾಂಸದ ಹೋಳು ದೊಡ್ಡದು, ಮಡಚಿದರೆ ಬ್ರೆಡ್ಡು ಮುರಿಯುತ್ತದೆ ಎಂದು ನೈಜಲ್ ದೂರುವ ದೃಶ್ಯ ನಿಮಗೆ ನೆನಪಿರಬಹುದು. ಇಂಥ ದೂರುಗಳಿಗೆ ಆ ಕಾಲದಲ್ಲಿ ಹೆಸರಾಗಿದ್ದ ತಂಡ ವ್ಯಾನ್ ಹೇಲನ್: ಬಟ್ಟಲಿನಲ್ಲಿ ಎಂ ಆ್ಯಂಡ್ ಎಂ ಮಿಠಾಯಿ ಇರಬೇಕು, ಆದರೆ ಕಂದು ಬಣ್ಣದ್ದು ಒಂದೂ ಇರಕೂಡದು ಎಂದು ಅವರ ಕರಾರಿನಲ್ಲಿ ಬರೆದಿರುತ್ತಿತ್ತು. ಅದರ ಕಾರಣವನ್ನು ಗಾಯಕ ಡೇವಿಡ್ ಲೀ ರಾತ್ ಆಮೇಲೆ ವಿವರಿಸಿದರು. ಅವರ ವೇದಿಕೆಯ ಭಾರ, ವಿದ್ಯುತ್ತಿನ ಅಗತ್ಯ ಎಲ್ಲವೂ ಆ ಉದ್ದನೆಯ ಕರಾರಿನಲ್ಲಿ ಇರುತ್ತಿದ್ದವು. ಬಟ್ಟಲಿನಲ್ಲಿ ಕಂದು ಮಿಠಾಯಿ ಕಂಡರೆ ಸಂಘಟಕರು ಕರಾರನ್ನು ಓದಿಲ್ಲ, ವೇದಿಕೆಯ ಸುರಕ್ಷತೆಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು ಎಂದು ತಿಳಿಯುತ್ತಿತ್ತು. ನಿಮ್ಮ ತಂದೆಯವರ ಬಳಿ ಇಂಥ ಕಾರಣಗಳ ದೊಡ್ಡ ಭಂಡಾರವೇ ಇರಬೇಕು.

ಯಾರು ಸರಿಯಾಗಿ ನೋಡಿದರು ಎಂಬ ನಿಮ್ಮ ಪ್ರಶ್ನೆಗೆ ನಮ್ಮ ಭಾಷೆಯ ಒಂದು ಪದದಲ್ಲಿಯೇ ಉತ್ತರ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಈ ಬಗೆಯ ಚಿತ್ರಗಳನ್ನು ನಾವು ‘ಅಣಕು ಸಾಕ್ಷ್ಯಚಿತ್ರ’ ಎನ್ನುತ್ತೇವೆ. ಪ್ರತಿಭಟನೆಯವರು ಅಣಕು ಶವಯಾತ್ರೆ ತೆಗೆದಾಗ ಆ ಪದದಲ್ಲಿ ಸಿಟ್ಟೂ ಚುಚ್ಚುವಿಕೆಯೂ ಇರುತ್ತವೆ. ಶಾಲೆಯ ಮಕ್ಕಳು ಅಣಕು ಸಂಸತ್ತು ನಡೆಸಿದಾಗ, ಅಗ್ನಿಶಾಮಕ ದಳದವರು ಅಣಕು ಕಾರ್ಯಾಚರಣೆ ಮಾಡಿದಾಗ ಅದೇ ಪದದಲ್ಲಿ ಪರಿಹಾಸ್ಯದ ಲೇಶವೂ ಇರುವುದಿಲ್ಲ. ಅಸಲನ್ನು ಹೋಲುವಂತೆ ಮಾಡುವುದು ಎಂಬ ಅರ್ಥ ಮಾತ್ರ ಇರುತ್ತದೆ. ಕನ್ನಡದ ಅಣಕು ಹೀಗೆ ನಗೆಯನ್ನೂ ಹೋಲಿಕೆಯನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಂಡಿದೆ. ನಿಮ್ಮ ತಮ್ಮ ನೋಡಿದ್ದು ನಗೆಯನ್ನು, ನಿಮ್ಮ ತಂದೆಯವರು ನೋಡಿದ್ದು ಹೋಲಿಕೆಯನ್ನು. ಹೋಲಿಕೆ ಅಷ್ಟು ನಿಖರವಾಗಿರದಿದ್ದರೆ ನಗೆ ಹುಟ್ಟುತ್ತಲೇ ಇರಲಿಲ್ಲವಾದ್ದರಿಂದ, ತಂದೆಯವರ ಮೌನವೇ ಚಿತ್ರಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ ಎಂದು ನಾನು ತಿಳಿಯುತ್ತೇನೆ. ಆ ನಟರು ಗಿಟಾರು ಹಿಡಿದು ನಟಿಸಲಿಲ್ಲ, ನುಡಿಸಿದರು ಎಂದು ಮೊದಲೇ ಹೇಳಿದೆನಲ್ಲ. ಕೀಬೋರ್ಡಿನ ಮೇಲೆ ಬೆರಳಾಡಿಸಿದವರ ಕಣ್ಣು ಮೊದಲು ಹೋಗುವುದು ನುಡಿಸುವವರ ಬೆರಳುಗಳ ಮೇಲೆ. ಅಲ್ಲಿ ಸುಳ್ಳು ಸಿಗದಿದ್ದ ಮೇಲೆ ಅವರು ಮಿಕ್ಕುದನ್ನೂ ತಮ್ಮವರ ಕಥೆಯಾಗಿಯೇ ನೋಡಿದರು.

ಪ್ರೇಕ್ಷಕರಿಗೆ ನಿಜವಾಗಿ ಸಿಟ್ಟು ಬಂದ ಚಿತ್ರವೂ ಒಂದಿದೆ. ನಟ ವಾಕೀನ್ ಫೀನಿಕ್ಸ್ 2008ರಲ್ಲಿ ನಟನೆ ಬಿಟ್ಟು ರ್‍ಯಾಪ್ ಗಾಯಕನಾಗುವುದಾಗಿ ಘೋಷಿಸಿದರು. 2009ರ ಫೆಬ್ರುವರಿಯಲ್ಲಿ ಡೇವಿಡ್ ಲೆಟರ್‌ಮನ್ ಅವರ ಟೀವಿ ಕಾರ್ಯಕ್ರಮಕ್ಕೆ ಗಡ್ಡ ಬಿಟ್ಟು, ಕಪ್ಪು ಕನ್ನಡಕ ಹಾಕಿ ಬಂದು ಮಾತಿಗೆ ಮಾತು ಸೇರದಂತೆ ಕುಳಿತರು. ಕೇಸಿ ಆಫ್ಲೆಕ್ ನಿರ್ದೇಶನದ ‘ಐ ಆ್ಯಮ್ ಸ್ಟಿಲ್ ಹಿಯರ್’ 2010ರ ಸೆಪ್ಟೆಂಬರಿನಲ್ಲಿ ತೆರೆಕಂಡಾಗ, ವಿಮರ್ಶಕ ರೋಜರ್ ಈಬರ್ಟ್ ಅಂಥವರೂ ಅದನ್ನು ಒಬ್ಬ ಕಲಾವಿದ ತನ್ನನ್ನು ತಾನೇ ಹಾಳುಮಾಡಿಕೊಳ್ಳುತ್ತಿರುವ ದುಃಖದ ದಾಖಲೆಯೆಂದೇ ಓದಿದರು. ಕೆಲವೇ ದಿನಗಳಲ್ಲಿ ಆಫ್ಲೆಕ್, ಅದೆಲ್ಲ ಅಭಿನಯ ಎಂದು ತಿಳಿಸಿದರು. ಇಲ್ಲಿ ಸುಳಿವು ಇರಲಿಲ್ಲ, ಅಥವಾ ಒಬ್ಬ ಪರಿಚಿತ ಮನುಷ್ಯನ ಸಂಕಟಕ್ಕೆ ಮರುಗುತ್ತಿದ್ದವರ ಕಣ್ಣಿಗೆ ಬೀಳುವಷ್ಟು ಇರಲಿಲ್ಲ. ಮರುಕಪಟ್ಟವರನ್ನು ಆಮೇಲೆ ಪೆದ್ದರನ್ನಾಗಿ ಮಾಡುವುದು ನನಗೆ ಒಪ್ಪಿಗೆಯಾಗುವ ಕೆಲಸವಲ್ಲ. ಫೀನಿಕ್ಸ್ ಅವರ ಅಭಿನಯ ಎಷ್ಟೇ ಧೈರ್ಯದ್ದಾಗಿದ್ದರೂ ಆ ಚಿತ್ರವನ್ನು ನಾನು ಪೂರ್ತಿ ಮನಸ್ಸಿನಿಂದ ಮೆಚ್ಚಲಾರೆ. ಸ್ಪೈನಲ್ ಟ್ಯಾಪ್ ತಂಡವನ್ನು ನೀವು ನಂಬಿದಿರಿ ನಿಜ, ಆದರೆ ನಿಮ್ಮ ಕಣ್ಣೀರನ್ನು ಅದು ಮೋಸದಿಂದ ಪಡೆದುಕೊಳ್ಳಲಿಲ್ಲ.

ಅಣಕಕ್ಕೆ ಒಳಗಾದವರೇ ಅದನ್ನು ಕೈಹಿಡಿದ ನಿದರ್ಶನವೂ ಉಂಟು. 1978ರ ಮಾರ್ಚ್ 22ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ, ಬೀಟಲ್ಸ್ ತಂಡದ ಇಡೀ ಕಥೆಯನ್ನು ‘ರಟಲ್ಸ್’ ಎಂಬ ಕಲ್ಪಿತ ತಂಡದ ಹೆಸರಿನಲ್ಲಿ ಹೇಳುವ ಅಣಕು ಸಾಕ್ಷ್ಯಚಿತ್ರ ಪ್ರಸಾರವಾಯಿತು. ಎರಿಕ್ ಐಡಲ್ ಬರೆದ ಆ ಚಿತ್ರಕ್ಕೆ ನೀಲ್ ಇನ್ಸ್ ಹಾಡುಗಳನ್ನು ಕಟ್ಟಿದ್ದರು. ಅಂದು ಅದನ್ನು ನೋಡಿದವರು ಬಹಳ ಕಡಿಮೆ. ಆದರೆ ಬೀಟಲ್ಸ್ ತಂಡದವರೇ ಆದ ಜಾರ್ಜ್ ಹ್ಯಾರಿಸನ್ ಆ ಚಿತ್ರಕ್ಕೆ ನೆರವಾದರು, ಅದರಲ್ಲಿ ಒಬ್ಬ ವರದಿಗಾರನ ಸಣ್ಣ ಪಾತ್ರವನ್ನೂ ಮಾಡಿದರು.

ಸ್ಪೈನಲ್ ಟ್ಯಾಪ್ ಕೂಡ ಚಿತ್ರಮಂದಿರಗಳಲ್ಲಿ ದೊಡ್ಡ ಗಳಿಕೆಯನ್ನೇನೂ ಮಾಡಲಿಲ್ಲ. ವಿಡಿಯೊ ಕ್ಯಾಸೆಟ್ಟುಗಳ ಕಾಲದಲ್ಲಿ ಅದು ಮನೆಮನೆಗೆ, ಮುಖ್ಯವಾಗಿ ಪ್ರವಾಸ ಹೊರಟ ಸಂಗೀತ ತಂಡಗಳ ಬಸ್ಸುಗಳೊಳಕ್ಕೆ ಹೋಯಿತು. ನೋಡಿದವರು ಮತ್ತೆ ಮತ್ತೆ ನೋಡಿದರು, ಮಾತುಗಳನ್ನು ಬಾಯಿಪಾಠ ಮಾಡಿದರು. ಕೊನೆಗೆ ಕಲ್ಪನೆಯ ತಂಡವೇ ನಿಜವಾಗಿ ವೇದಿಕೆ ಏರತೊಡಗಿತು. 1992ರ ಏಪ್ರಿಲ್ 20ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ನೆನಪಿನ ಕಾರ್ಯಕ್ರಮ ನಡೆದಾಗ ಮೆಟಾ‍ಲಿಕಾ, ಡೇವಿಡ್ ಬೋವಿ ಮೊದಲಾದವರು ನಿಂತ ವೇದಿಕೆಯ ಮೇಲೆಯೇ ಈ ಮೂವರು ನಟರು ಸ್ಪೈನಲ್ ಟ್ಯಾಪ್ ಆಗಿ ನಿಂತು ಹಾಡಿದರು. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸೇರಿಸಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಎರಡನೆಯ ಭಾಗವೂ ಬಂದಿದೆ; ನೀವು ಮೊದಲು ತೋರಿಸಬೇಕಾದದ್ದು ಹಳೆಯದನ್ನೇ.

ಇನ್ನು ದೀಪಾವಳಿಯ ವಿಷಯ. ಖಂಡಿತ ಹಾಕಿ. ಆದರೆ ನಾಲ್ಕು ಎಚ್ಚರಿಕೆ ತೆಗೆದುಕೊಳ್ಳಿ. ಬಯ್ಗುಳಗಳು, ಪೋಲಿ ಅರ್ಥದ ಹಾಡುಗಳು, ವಿಮಾನ ನಿಲ್ದಾಣದ ಒಂದು ಅಶ್ಲೀಲ ದೃಶ್ಯ ಇರುವುದರಿಂದ ಮನೆಯ ಮಕ್ಕಳನ್ನು ಆ ಹೊತ್ತಿಗೆ ಪಟಾಕಿಯ ಕಡೆ ಕಳುಹಿಸಿ. ಬ್ರಿಟಿಷ್ ಉಚ್ಚಾರಣೆ ಹಿಡಿಯುವುದು ಕಷ್ಟ, ಆದ್ದರಿಂದ ಕೆಳಗೆ ಅಕ್ಷರ ಬರುವಂತೆ ಮಾಡಿಕೊಳ್ಳಿ, ಬೇಕಾದ ಕಡೆ ನೀವೇ ಕನ್ನಡದಲ್ಲಿ ಹೇಳಿ. ಇದು ಕಟ್ಟಿದ ಕಥೆ, ಸಂಗೀತ ಬಲ್ಲವರೇ ಕಟ್ಟಿದ್ದು ಎಂಬುದನ್ನು ಮೊದಲೇ ತಿಳಿಸಿಬಿಡಿ. ವೃತ್ತಿಯವರನ್ನು ಕತ್ತಲಲ್ಲಿಟ್ಟು ಅವರ ಮುಖ ನೋಡುತ್ತ ಕೂರುವುದು ಸಲ್ಲದು. ತಮ್ಮನಿಗೆ, ಹಿರಿಯರು ನಗುವ ಮೊದಲೇ ತಾನು ನಗದಂತೆ ಮೆಲ್ಲಗೆ ಹೇಳಿ. ನನ್ನ ಊಹೆ ಏನೆಂದರೆ, ಒಬ್ಬರೇ ಇದ್ದಾಗ ನಗದ ನಿಮ್ಮ ತಂದೆಯವರು ತಮ್ಮವರು ಜೊತೆಗಿದ್ದಾಗ ನಗುತ್ತಾರೆ. ಅದೇ ಕಷ್ಟವನ್ನು ಜೊತೆಯಲ್ಲಿ ಉಂಡವರು ಪಕ್ಕದಲ್ಲಿದ್ದರೆ ಹಳೆಯ ಅವಮಾನವನ್ನು ಹೊರಗೆ ತೆಗೆದು ನೋಡುವುದು ಸುಲಭವಾಗುತ್ತದೆ.

ನಡುವೆ ಎಲ್ಲಾದರೂ ಚಿತ್ರ ನಿಲ್ಲಿಸಬೇಕೆಂದು ಯಾರಾದರೂ ಕೇಳಿದರೆ ನಿಲ್ಲಿಸಿ, ಅವರ ಕಥೆ ಕೇಳಿಸಿಕೊಳ್ಳಿ, ಮತ್ತೆ ಮುಂದುವರಿಸಿ. ಕೊನೆಯ ಹತ್ತು ನಿಮಿಷಗಳನ್ನು ಮಾತ್ರ ತಡೆಯಬೇಡಿ. ತಂಡ ಬಿಟ್ಟುಹೋದ ನೈಜಲ್ ಕಾರ್ಯಕ್ರಮಕ್ಕೆ ಮುಂಚೆ ಗ್ರೀನ್ ರೂಮಿಗೆ ಬರುತ್ತಾನೆ, ತಮ್ಮ ಹಾಡೊಂದು ಜಪಾನಿನಲ್ಲಿ ಜನಪ್ರಿಯವಾಗಿದೆ ಎಂಬ ಸುದ್ದಿ ಮುಟ್ಟಿಸುತ್ತಾನೆ, ಡೇವಿಡ್ ಮುಖ ಗಂಟಿಕ್ಕಿಕೊಂಡೇ ಇರುತ್ತಾನೆ. ಆಮೇಲೆ ಹಾಡು ಶುರುವಾಗುತ್ತದೆ, ನೈಜಲ್ ವೇದಿಕೆಯ ಬದಿಯಲ್ಲಿ ನಿಂತಿರುತ್ತಾನೆ. ಹಾಡುತ್ತಿದ್ದಂತೆಯೇ ಡೇವಿಡ್ ಅವನ ಕಡೆ ತಿರುಗಿ, ಬಾ ಎಂದು ಕರೆಯುತ್ತಾನೆ. ನೈಜಲ್ ಗಿಟಾರು ಹಾಕಿಕೊಂಡು ಬರುತ್ತಾನೆ. ಆ ಗಳಿಗೆಯಲ್ಲಿ ನೀವು ತೆರೆಯನ್ನು ನೋಡಬೇಡಿ, ಸೋಫಾದಲ್ಲಿ ಸಾಲಾಗಿ ಕುಳಿತಿರುವ ಆ ಹಿರಿಯರನ್ನು ನೋಡಿ. ಅಂದು ಏನಾಯಿತು ಎಂಬುದನ್ನು ಸಾಧ್ಯವಾದರೆ ನನಗೂ ಬರೆದು ತಿಳಿಸಿ.